2 ಲಕ್ಷ 80 ಸಾವಿರ ಕೂಡಿಟ್ಟಿದೀನಿ, ಎಲ್ಲಿ ಹಾಕ್ಲಿ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ನಂಗೆ 28 ವರ್ಷ, ಊರು ದಾವಣಗೆರೆ, ಪ್ರೈವೇಟ್ ಕಂಪನೀಲಿ ಅಕೌಂಟ್ಸ್ ನೋಡ್ಕೊತೀನಿ. ಪಿಎಫ್ ಕಟ್ ಆಗಿ ಕೈಗೆ 36 ಸಾವಿರ ಬರತ್ತೆ. ಮನೆಗೆ 12 ಸಾವಿರ, ಏರಿಯಾದಲ್ಲಿ ಗೊತ್ತಿರೋ ಆಂಟಿ ನಡೆಸೋ 1 ಲಕ್ಷದ ಚೀಟಿಗೆ 5 ಸಾವಿರ ಕೊಟ್ಟು, ನನ್ನ ಖರ್ಚು ಕಳೆದು 10 ಸಾವಿರ ಉಳಿಯತ್ತೆ. ಸೇವಿಂಗ್ಸ್ ಅಕೌಂಟಲ್ಲಿ 2.8 ಲಕ್ಷ ಸುಮ್ನೆ ಬಿದ್ದಿದೆ. ಅಪ್ಪ ಊರಾಚೆ ಲೇಔಟಲ್ಲಿ ಸೈಟ್‌ಗೆ ಅಡ್ವಾನ್ಸ್ ಕೊಡೋಣ, ಉಳಿದಿದ್ದು ಲೋನ್ ಮಾಡೋಣ ಅಂತಾರೆ. ಅಮ್ಮ ಸೌಹಾರ್ದದಲ್ಲಿ 10% ಬಡ್ಡಿ ಕೊಡ್ತಾರೆ, ಅಲ್ಲಿ ಇಡು ಅಂತಾರೆ. ದೊಡ್ಡಪ್ಪನ ಮಗ ಆಪ್ಷನ್ ಟ್ರೇಡಿಂಗ್ (ಶೇರ್ ಬೆಲೆ ಏರತ್ತಾ ಇಳಿಯತ್ತಾ ಅಂತ ಬಾಜಿ ಕಟ್ಟೋ ಥರದ್ದು) ಮಾಡ್ತಾನೆ, 1 ಲಕ್ಷ ಕೊಟ್ರೆ ತಿಂಗಳಿಗೆ 4% ಕೊಡ್ತೀನಿ ಅಂತ ದಿನಾ ಲಾಭದ ಸ್ಕ್ರೀನ್‌ಶಾಟ್ ಕಳಿಸ್ತಾನೆ. ಆಫೀಸಲ್ಲಿ ಎಲ್ರೂ ಸಿಪ್ (ತಿಂಗಳ ಕಂತಲ್ಲಿ ಮ್ಯೂಚುಯಲ್ ಫಂಡಿಗೆ ಹಾಕೋದು) ಅಂತಾರೆ. ಇದರ ಮಧ್ಯೆ ಹೋದ ತಿಂಗಳು ಬ್ಯಾಂಕಿಗೆ ಹೋದಾಗ ಅಲ್ಲಿಯವರು ಒಂದು ಪಾಲಿಸಿ ಮಾಡಿಸಿದ್ರು, ವರ್ಷಕ್ಕೆ 30 ಸಾವಿರ, 15 ವರ್ಷ ಕಟ್ಟಿದ್ರೆ 20ನೇ ವರ್ಷಕ್ಕೆ 8.7 ಲಕ್ಷ ಬರತ್ತಂತೆ, ಟ್ಯಾಕ್ಸೂ ಉಳಿಯತ್ತಂತೆ. ಬಾಂಡ್ ಬಂದು 12 ದಿನ ಆಯ್ತು. ಎರಡು ವರ್ಷದಲ್ಲಿ ಮದುವೆ ಇರ್ಬಹುದು, ಅದಕ್ಕೆ ನಾನೇ 4 ಲಕ್ಷ ಹಾಕ್ಬೇಕು ಅಂತಿದೀನಿ. ಶೇರ್ ಮಾರ್ಕೆಟ್ ಅಂದ್ರೆ ಜೂಜು, 92ರಲ್ಲಿ ನಮ್ಮ ಮೇಷ್ಟ್ರೊಬ್ರು ಎಲ್ಲ ಕಳ್ಕೊಂಡ್ರು ಅಂತ ಅಪ್ಪ ಹೆದರಿಸ್ತಾರೆ. ನಂಗೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ, ತಡ ಆಗೋಯ್ತೇನೋ ಅಂತ ಭಯ ಬೇರೆ.

ಉತ್ತರ: ಉಳಿದಿದ್ದೆಲ್ಲ ನಿಧಾನಕ್ಕೆ ಓದಿ, ಮೊದಲು ಆ ಪಾಲಿಸಿ ವಿಷ್ಯ ಮುಗಿಸೋಣ, ಯಾಕಂದ್ರೆ ನೀವು ಕೇಳಿರೋದ್ರಲ್ಲಿ ಗಡುವು ಇರೋದು ಅದೊಂದಕ್ಕೇ. ಪಾಲಿಸಿ ಬಾಂಡ್ ಕೈಗೆ ಬಂದ ದಿನದಿಂದ 30 ದಿನ ಫ್ರೀ ಲುಕ್ ಅಂತ ಟೈಮ್ ಇರತ್ತೆ. ಅಷ್ಟರಲ್ಲಿ ಬೇಡ ಅಂತ ಬರೆದುಕೊಟ್ರೆ ಸ್ಟಾಂಪ್ ಖರ್ಚು, ಮೆಡಿಕಲ್ ಮಾಡಿಸಿದ್ರೆ ಅದರ ಖರ್ಚು, ಇಷ್ಟು ದಿನದ ರಿಸ್ಕ್ ಲೆಕ್ಕದ ಒಂದಿಷ್ಟು ಹಿಡ್ಕೊಂಡು ಮಿಕ್ಕ ದುಡ್ಡು ವಾಪಸ್ ಕೊಡ್ಬೇಕು, ಇದು ವಿಮೆ ನಿಯಂತ್ರಕರು ಮಾಡಿರೋ ನಿಯಮ, ಯಾರೂ ದಯೆ ತೋರಿಸ್ತಿರೋದಲ್ಲ. ನಿಮಗೆ ಇನ್ನೂ 18 ದಿನ ಇದೆ. ಬ್ಯಾಂಕಿನವರ ಹತ್ರ ಬಾಯಿಮಾತಲ್ಲಿ ಹೇಳಿ ಸುಮ್ನಾಗ್ಬೇಡಿ, ‘ನೋಡೋಣ ಮೇಡಂ, ಮುಂದಿನ ವಾರ ಬನ್ನಿ’ ಅಂತ ದಿನ ತಳ್ಳೋದು ನಾನು ಬೇಕಾದಷ್ಟು ನೋಡಿದೀನಿ. ನೇರ ಇನ್ಶೂರೆನ್ಸ್ ಕಂಪನಿಗೇ ಮೇಲ್ ಹಾಕಿ, ಅವರ ಬ್ರಾಂಚ್ ಊರಲ್ಲಿದ್ರೆ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಂಡು ಬನ್ನಿ.

ಯಾಕೆ ಬೇಡ ಅಂತೀನಿ ಅಂದ್ರೆ, ಲೆಕ್ಕ ನೀವೇ ನೋಡಿ, ನೀವು ಅಕೌಂಟ್ಸ್‌ನವರು. 15 ವರ್ಷ 30 ಸಾವಿರದ ಹಾಗೆ ಕಟ್ಟಿದ್ರೆ ನಿಮ್ಮ ಕೈಯಿಂದ ಹೋಗೋದು 4.5 ಲಕ್ಷ, ಬರೋದು 8.7 ಲಕ್ಷ, ಕೇಳೋಕೆ ಹತ್ರಹತ್ರ ಡಬಲ್. ಆದ್ರೆ ಅದಕ್ಕೆ 20 ವರ್ಷ ಹಿಡಿದಿದೆ, ವರ್ಷದ ಲೆಕ್ಕಕ್ಕೆ ಇಳಿಸಿದ್ರೆ 5% ಅಷ್ಟೇ. ಇದೇ 30 ಸಾವಿರಾನ ಪೋಸ್ಟ್ ಆಫೀಸಲ್ಲಿ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ 15 ವರ್ಷ ಹಾಕಿ, ಆಮೇಲೆ 5 ವರ್ಷ ಮುಂದುವರಿಸಿ ಹಾಗೇ ಬಿಟ್ರೆ, ಬಡ್ಡಿ 7.1% ಹೀಗೇ ಇರತ್ತೆ ಅಂದ್ಕೊಂಡ್ರೆ 11.4 ಲಕ್ಷದ ಆಸುಪಾಸು ಆಗತ್ತೆ. ಎರಡರಲ್ಲೂ ದುಡ್ಡು ಲಾಕ್, ಎರಡರಲ್ಲೂ ಮಾರ್ಕೆಟ್ ರಿಸ್ಕ್ ಇಲ್ಲ, ವ್ಯತ್ಯಾಸ ಮಾತ್ರ ಎರಡೂಮುಕ್ಕಾಲು ಲಕ್ಷ. ಇನ್ನು ಟ್ಯಾಕ್ಸ್ ಉಳಿಯತ್ತೆ ಅಂದಿದ್ದು. ಕೈಗೆ 36 ಸಾವಿರ ಬರೋರಿಗೆ ಟ್ಯಾಕ್ಸೇ ಇಲ್ವಲ್ರೀ! ಹೊಸ ಪದ್ಧತೀಲಿ 2025-26ರಿಂದ ಸಂಬಳದವರಿಗೆ ವರ್ಷಕ್ಕೆ 12.75 ಲಕ್ಷದವರೆಗೂ ಟ್ಯಾಕ್ಸ್ ಬೀಳಲ್ಲ, ಅದೂ ಅಲ್ದೆ ಆ ಪದ್ಧತೀಲಿ ಇನ್ಶೂರೆನ್ಸ್ ಕಂತಿಗೆ ಸಿಗೋ 80ಸಿ ವಿನಾಯ್ತೀನೇ ಇಲ್ಲ. ಇಲ್ಲದಿರೋ ಟ್ಯಾಕ್ಸ್ ಉಳಿಸೋಕೆ ಅಂತ ನಿಮಗೆ 15 ವರ್ಷದ ಕಂತು ಕಟ್ಟಿದಾರೆ. ಮನೆಯವರು ನಿಮ್ಮ ಸಂಬಳದ ಮೇಲೆ ನಿಂತಿದ್ರೆ ಬರೀ ಟರ್ಮ್ ಇನ್ಶೂರೆನ್ಸ್ (ನೀವು ತೀರಿಕೊಂಡ್ರೆ ಮಾತ್ರ ಮನೆಯವರಿಗೆ ದುಡ್ಡು ಬರೋದು) ಮಾಡಿಸಿ, ನಿಮ್ಮ ವಯಸ್ಸಿಗೆ 50 ಲಕ್ಷದ ಕವರ್ ಈ 30 ಸಾವಿರದ ಕಾಲುಭಾಗಕ್ಕಿಂತ ಕಮ್ಮೀಲೇ ಸಿಗತ್ತೆ.

ಸರಿ, ಈಗ ಮುಖ್ಯ ಪ್ರಶ್ನೆಗೆ ಬರ್ತೀನಿ. ನಿಮ್ಮ ಪತ್ರದಲ್ಲಿ ಅಪ್ಪ, ಅಮ್ಮ, ಅಣ್ಣ, ಬ್ಯಾಂಕಿನವರು, ಆಫೀಸಿನವರು ಎಲ್ರೂ ಎಲ್ಲಿ ಹಾಕ್ಬೇಕು ಅಂತ ಹೇಳಿದಾರೆ, ಈ ದುಡ್ಡು ನಿಂಗೆ ಯಾವಾಗ ಬೇಕಮ್ಮ ಅಂತ ಒಬ್ರೂ ಕೇಳಿಲ್ಲ. ನನ್ನ ಹತ್ರ ಬರೋ ಹೊಸಬರಲ್ಲಿ ಮಾರ್ಕೆಟ್ ಬಿದ್ದು ಹಾಳಾದೋರು ಕಮ್ಮಿ. ಬೇಕಾದ ಹೊತ್ತಲ್ಲಿ ದುಡ್ಡು ಎಲ್ಲೋ ಸಿಕ್ಕಾಕ್ಕೊಂಡಿದ್ದೋರು ಜಾಸ್ತಿ. ಪಾಲಿಸಿ ಮಧ್ಯದಲ್ಲಿ ಮುರಿದೋರು, ಆಸ್ಪತ್ರೆ ಖರ್ಚಿಗೆ ಅಂತ ಸೈಟನ್ನ ಬಂದ ರೇಟಿಗೆ ಮಾರಿದೋರು, ಮದುವೆಗೆ ಆರು ತಿಂಗಳಿದೆ ಅನ್ನೋವಾಗ ಶೇರ್ ಕೆಳಗಿದ್ರೂ ಮಾರ್ಲೇಬೇಕಾಗಿ ಬಂದೋರು. ಇವರು ಹಾಕಿದ್ದ ಜಾಗ ಎಲ್ಲಾ ಸಲ ಕೆಟ್ಟದ್ದೇನಾಗಿರ್ಲಿಲ್ಲ, ಆ ದುಡ್ಡಿಗೆ ಅದು ಜಾಗ ಆಗಿರ್ಲಿಲ್ಲ. ಹಾಗಾಗಿ ಮೊದಲು ನಿಮ್ಮ 2.8 ಲಕ್ಷದ ಒಂದೊಂದು ಭಾಗಕ್ಕೂ ತಾರೀಖು ಬರೀರಿ, ಜಾಗ ಅರ್ಧಕ್ಕರ್ಧ ತಾನೇ ಗೊತ್ತಾಗತ್ತೆ.

ತಡ ಆಯ್ತು ಅನ್ನೋ ಭಯ ಬಿಡಿ. ನೀವು ಹೂಡಿಕೆ ಶುರು ಮಾಡಿ ಆಗಿದೆ, ನಿಮಗೇ ಗೊತ್ತಿಲ್ಲ ಅಷ್ಟೇ. ಪಿಎಫ್‌ಗೆ ನಿಮ್ಮ ಪಾಲು ಹೋಗತ್ತೆ, ಕಂಪನೀದೂ ಸೇರತ್ತೆ, 2024-25ಕ್ಕೆ ಅದಕ್ಕೆ 8.25% ಬಡ್ಡಿ ಕೊಟ್ಟಿದಾರೆ, ಇಷ್ಟು ಸೇಫ್ ಆಗಿ ಇಷ್ಟು ಬಡ್ಡಿ ಬ್ಯಾಂಕಲ್ಲಿ ಹುಡುಕಿದ್ರೂ ಸಿಗಲ್ಲ. ಯುಎಎನ್ (ನಿಮ್ಮ ಪಿಎಫ್ ನಂಬರ್) ಹಾಕಿ ಪಾಸ್‌ಬುಕ್ ತೆಗೆದು ನೋಡಿ, ಪ್ರತಿ ತಿಂಗಳು ಬೀಳ್ತಿದೆಯಾ ಅಂತ. ಕೆಲಸ ಬದಲಾಯಿಸಿದಾಗ ಅದನ್ನ ಬಿಡಿಸ್ಕೊಂಡು ಮೊಬೈಲ್ ತಗೊಳ್ಳೋರಿದಾರೆ, ಆ ಸಾಲಿಗೆ ಮಾತ್ರ ಸೇರ್ಬೇಡಿ, ಹೊಸ ಕಂಪನಿಗೆ ಟ್ರಾನ್ಸ್‌ಫರ್ ಮಾಡಿಸ್ಕೊಳಿ.

ಅಮ್ಮ ಹೇಳಿದ ಸೌಹಾರ್ದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಮ್ಮ ರಾಜ್ಯದಲ್ಲಿ ಇದರಷ್ಟು ಜನ ತಪ್ಪು ತಿಳ್ಕೊಂಡಿರೋ ವಿಷ್ಯ ಇನ್ನೊಂದಿಲ್ಲ. ಬ್ಯಾಂಕಲ್ಲಿ ಇಟ್ಟ ಡಿಪಾಸಿಟ್‌ಗೆ, ಬಡ್ಡಿ ಅಸಲು ಸೇರಿ ಒಬ್ಬರಿಗೆ ಒಂದು ಬ್ಯಾಂಕಲ್ಲಿ 5 ಲಕ್ಷದವರೆಗೆ ವಿಮೆ ಇರತ್ತೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಆದ್ರೆ ಸೌಹಾರ್ದ ಸಹಕಾರಿ, ಪತ್ತಿನ ಸಹಕಾರ ಸಂಘ ಅಂತ ಬೋರ್ಡ್ ಇರೋವು ಬ್ಯಾಂಕ್ ಅಲ್ಲ. ಕೌಂಟರ್, ಪಾಸ್‌ಬುಕ್, ಲಾಕರ್ ಎಲ್ಲ ಬ್ಯಾಂಕ್ ಥರಾನೇ ಇದ್ರೂ ರಿಸರ್ವ್ ಬ್ಯಾಂಕ್ ಲೈಸೆನ್ಸೂ ಇರಲ್ಲ, ಈ ವಿಮೆನೂ ಇರಲ್ಲ. ಚೆನ್ನಾಗಿ ನಡೀತಿರೋವು ಬೇಕಾದಷ್ಟಿವೆ, ಎಲ್ಲದನ್ನೂ ಒಂದೇ ತಕ್ಕಡೀಲಿ ತೂಗ್ತಿಲ್ಲ ನಾನು. ಆದ್ರೆ ಅವರು ಕೊಡೋ ಆ ಎರಡು ಮೂರು ಪರ್ಸೆಂಟ್ ಜಾಸ್ತಿ ಬಡ್ಡಿ ಇದೆಯಲ್ಲ, ಅದು ಈ ರಿಸ್ಕ್‌ಗೆ ಸಿಗ್ತಿರೋ ಬೆಲೆ, ಪುಕ್ಕಟೆ ಅಲ್ಲ. ವಿಮೆ ಇರೋ ಕಡೇನೂ ಎಷ್ಟು ಕಷ್ಟ ಅಂದ್ರೆ, 2020ರ ಜನವರೀಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ 35 ಸಾವಿರಕ್ಕಿಂತ ಜಾಸ್ತಿ ಯಾರೂ ತೆಗೆಯೋ ಹಾಗಿರ್ಲಿಲ್ಲ, ಪೆನ್ಷನ್ ದುಡ್ಡೆಲ್ಲ ಅಲ್ಲೇ ಇಟ್ಟಿದ್ದ ವಯಸ್ಸಾದೋರು ಬೀದೀಲಿ ಸಾಲು ನಿಂತಿದ್ರು. ಆಗ ವಿಮೆ ಬರೀ 1 ಲಕ್ಷ ಇತ್ತು, ಅದರ ಮುಂದಿನ ತಿಂಗಳು 5 ಲಕ್ಷ ಮಾಡಿದ್ರು. ನಿಮ್ಮ ಮದುವೆ ದುಡ್ಡು, ಕಷ್ಟಕ್ಕೆ ಬೇಕಾಗೋ ದುಡ್ಡು ಸೌಹಾರ್ದಕ್ಕೆ ಹೋಗೋದು ಬೇಡ. ಅಮ್ಮನಿಗೆ ಬೇಜಾರಾದ್ರೆ ಅವರದೇ ಒಂದು ಸಣ್ಣ ಮೊತ್ತ ಅಲ್ಲಿರ್ಲಿ.

ಚೀಟಿ. ಏಳೆಂಟು ತಿಂಗಳು ಉಳಿದಿರ್ಬಹುದು ಅಂದ್ಕೊತೀನಿ, ನೀವು ಬರೆದಿಲ್ಲ. ಚೀಟೀಲಿ ಲಾಭ ಎಷ್ಟು ಅನ್ನೋದು ಉಳಿದೋರು ಎಷ್ಟಕ್ಕೆ ಕೂಗ್ತಾರೆ ಅನ್ನೋದ್ರ ಮೇಲೆ ನಿಂತಿದೆ. ಅರ್ಜೆಂಟ್ ಇರೋರು ಜಾಸ್ತಿ ಬಿಟ್ಟು ಎತ್ಕೊಂಡ್ರೆ ಕೊನೆವರೆಗೂ ಕಾಯೋರಿಗೆ ಲಾಭ, ಯಾರಿಗೂ ಅರ್ಜೆಂಟ್ ಇಲ್ದಿದ್ರೆ ಎಫ್‌ಡಿಯಷ್ಟೂ ಬರಲ್ಲ. ಮೊದಲೇ ಎತ್ತಿದ್ರೆ ಅದು ಸಾಲ, ಹೂಡಿಕೆ ಅಲ್ಲ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನೋಂದಣಿ ಆದ ಚೀಟಿ ನಡೆಸೋರು 7% ವರೆಗೆ ಕಮಿಷನ್ ಹಿಡೀಬಹುದು, ಅದಕ್ಕೆ ಸೆಕ್ಯೂರಿಟಿ ಇಡ್ಬೇಕು, ರಿಜಿಸ್ಟ್ರಾರ್ ಮುಂದೆ ಲೆಕ್ಕ ಕೊಡ್ಬೇಕು, ನಮ್ಮ ಸರ್ಕಾರದ ಎಂಎಸ್‌ಐಎಲ್ ಕೂಡ ಇಂಥ ಚೀಟಿ ನಡೆಸತ್ತೆ. ಆಂಟಿಯ ಚೀಟಿ ಇದ್ಯಾವುದ್ರಲ್ಲೂ ಇರೋ ಸಾಧ್ಯತೆ ಕಮ್ಮಿ. ಆಂಟಿ ಒಳ್ಳೆಯವರೇ ಇರ್ಬಹುದು, ಅವರ ಹತ್ರ ಎತ್ಕೊಂಡ ಮೂರು ಜನ ಕಂತು ಕಟ್ಟೋದು ನಿಲ್ಲಿಸಿದ್ರೆ ಅವರಾದ್ರೂ ಎಲ್ಲಿಂದ ತರ್ತಾರೆ? ಇದನ್ನ ಮಧ್ಯದಲ್ಲಿ ಬಿಡ್ಬೇಡಿ, ಬಿಟ್ರೆ ಜಗಳ. ಕೊನೇವರೆಗೆ ಕಾಯದೆ, ಕೂಗು ಕಮ್ಮಿಗೆ ಇಳಿದಾಗ ಎತ್ಕೊಂಡು ಎಫ್‌ಡಿ ಮಾಡಿ. ಮುಂದಿನ ಚೀಟಿಗೆ ಹೆಸರು ಕೊಡ್ಬೇಡಿ.

ದೊಡ್ಡಪ್ಪನ ಮಗನ ವಿಷ್ಯ. ತಿಂಗಳಿಗೆ 4% ಅಂದ್ರೆ ಚಕ್ರಬಡ್ಡೀಲಿ ವರ್ಷಕ್ಕೆ 60% ಆಗತ್ತೆ. ಅಷ್ಟು ಗ್ಯಾರಂಟಿಯಾಗಿ ದುಡಿಯೋಕೆ ಬರೋನು ಬ್ಯಾಂಕಿಂದ 15%ಗೆ ಪರ್ಸನಲ್ ಲೋನ್ ತಗೊಂಡು ತಾನೇ ಶ್ರೀಮಂತ ಆಗ್ತಿದ್ದ, ತಂಗಿ ಹತ್ರ ಯಾಕೆ ಬರ್ತಾನೆ ಹೇಳಿ? ಅವನು ಮೋಸ ಮಾಡ್ತಾನೆ ಅಂತ ನಾನು ಹೇಳ್ತಿಲ್ಲ, ಪಾಪ ಅವನೂ ನಂಬಿರ್ತಾನೆ. ಶೇರ್ ಮಾರ್ಕೆಟ್ ನಿಯಂತ್ರಕರಾದ ಸೆಬಿ 2024ರ ಸೆಪ್ಟೆಂಬರಲ್ಲಿ ಒಂದು ಅಧ್ಯಯನ ಹೊರಗೆ ಬಿಟ್ಟಿತ್ತು. 2021-22ರಿಂದ 2023-24ರವರೆಗೆ ಮೂರು ವರ್ಷ ಫ್ಯೂಚರ್ಸ್ ಆಪ್ಷನ್ಸ್ ಆಡಿದ ಒಂದು ಕೋಟಿಗೂ ಮೀರಿದ ಸಾಮಾನ್ಯ ಜನರಲ್ಲಿ 93% ಜನ ಲಾಸ್ ಮಾಡ್ಕೊಂಡಿದಾರೆ, ಒಬ್ಬೊಬ್ಬರಿಗೆ ಸರಾಸರಿ 2 ಲಕ್ಷದ ಹತ್ರ, ಎಲ್ಲ ಸೇರಿ 1.8 ಲಕ್ಷ ಕೋಟಿ. ಸ್ಕ್ರೀನ್‌ಶಾಟ್ ಬರೋದು ಲಾಭದ ದಿನ ಮಾತ್ರ ಅನ್ನೋದು ನೆನಪಿರ್ಲಿ. ‘ನನ್ನ ದುಡ್ಡೆಲ್ಲ ಎಫ್‌ಡಿ ಮಾಡಿಬಿಟ್ಟಿದೀನಿ ಅಣ್ಣ’ ಅಂತ ಹೇಳಿ, ಸಂಬಂಧನೂ ಉಳಿಯತ್ತೆ. ಹಾಗೇ ವಾಟ್ಸಾಪ್, ಟೆಲಿಗ್ರಾಂ ಟಿಪ್ಸ್ ಗ್ರೂಪಿಗೆ ಯಾರಾದ್ರೂ ಸೇರಿಸಿದ್ರೆ ಆಚೆ ಬನ್ನಿ, ಅವರು ಕೊಡೋ ಲಿಂಕಿಂದ ಟ್ರೇಡಿಂಗ್ ಆಪ್ ಹಾಕ್ಕೊಂಡು ಲಕ್ಷಗಟ್ಲೆ ಕಳ್ಕೊಳ್ತಿರೋರು ಓದಿದೋರೇ. ದುಡ್ಡು ಹೋದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು, ಗಂಟೆ ಗಂಟೆಗೂ ವಾಪಸ್ ಸಿಗೋ ಚಾನ್ಸ್ ಕಮ್ಮಿ ಆಗ್ತಾ ಹೋಗತ್ತೆ.

ಹಾಗಾದ್ರೆ ಶೇರ್ ಮಾರ್ಕೆಟ್ ಜೂಜಾ? ಅಣ್ಣ ಆಡ್ತಿರೋದು ಹೌದು ಅಂತಾನೇ ಹೇಳ್ತೀನಿ. ಆದ್ರೆ ಶೇರು ಅಂದ್ರೆ ನಡೀತಿರೋ ವ್ಯಾಪಾರದಲ್ಲಿ ನಿಮಗೊಂದು ಸಣ್ಣ ಪಾಲು. ಕಂಪನಿ ಸೋಪು ಮಾರಿ, ಸಾಫ್ಟ್‌ವೇರ್ ಮಾರಿ ಲಾಭ ಮಾಡಿದ್ರೆ ವರ್ಷಗಳು ಕಳೆದ ಹಾಗೆ ಆ ಪಾಲಿನ ಬೆಲೆ ಏರತ್ತೆ, ಆಪ್ಷನ್‌ನಲ್ಲಿ ಒಬ್ಬರ ಲಾಭ ಇನ್ನೊಬ್ಬರ ಲಾಸ್. ಅಪ್ಪ ಹೇಳೋ 92ರ ಕಥೆ ಸುಳ್ಳಲ್ಲ. ಶೇರ್ ದಲ್ಲಾಳಿ ಹರ್ಷದ್ ಮೆಹ್ತಾ ಹಗರಣದಲ್ಲಿ ಬೆಲೆ ಹುಚ್ಚಾಪಟ್ಟೆ ಏರಿಸಿದ್ರು, ಆಮೇಲೆ ಬಿತ್ತು. ಆಗ ಶೇರು ಅಂದ್ರೆ ಕಾಗದದ ಸರ್ಟಿಫಿಕೇಟು, ನಕಲೀನೂ ಬರ್ತಿತ್ತು, ಟಪಾಲಲ್ಲಿ ಕಳೆದೂ ಹೋಗ್ತಿತ್ತು. ಸೆಬಿಗೆ ಕಾನೂನಿನ ಬಲ ಬಂದಿದ್ದೇ 1992ರಲ್ಲಿ, ಡಿಮ್ಯಾಟ್ (ಕಾಗದ ಇಲ್ದೆ ಕಂಪ್ಯೂಟರಲ್ಲೇ ಶೇರು ಇಡೋ ಖಾತೆ) ಬಂದಿದ್ದು 1996ರಲ್ಲಿ. ಹಾಗಾಗಿ ಆ ಥರದ ಮೋಸ ಈಗ ಕಷ್ಟ, ಆದ್ರೆ ಬೀಳೋದು ನಿಂತಿಲ್ಲ, ನಿಲ್ಲೋದೂ ಇಲ್ಲ. 2008ರ ಜನವರೀಲಿ 21 ಸಾವಿರದ ಹತ್ರ ಇದ್ದ ಸೆನ್ಸೆಕ್ಸ್ (ದೊಡ್ಡ ಕಂಪನಿಗಳ ಶೇರ್ ಬೆಲೆಯ ಸೂಚ್ಯಂಕ) ಅದೇ ಅಕ್ಟೋಬರಿಗೆ 8 ಸಾವಿರದ ಆಸುಪಾಸಿಗೆ ಬಂತು, ಹಳೇ ಎತ್ತರ ದಾಟಿ ಗಟ್ಟಿಯಾಗಿ ನಿಲ್ಲೋಕೆ 2013ರ ಕೊನೆ ಆಯ್ತು. 2020ರಲ್ಲಿ ಇದಕ್ಕೆ ಉಲ್ಟಾ, ಜನವರೀಲಿ 42 ಸಾವಿರದ ಹತ್ರ ಇದ್ದಿದ್ದು ಮಾರ್ಚ್ 23ಕ್ಕೆ 26 ಸಾವಿರ, ವರ್ಷದ ಕೊನೆಗೆ 47 ಸಾವಿರ ದಾಟಿತ್ತು. ಒಂದು ಸಲ ಐದು ವರ್ಷದ ಮೇಲೆ, ಇನ್ನೊಂದು ಸಲ ವರ್ಷದೊಳಗೆ. ಮುಂದಿನ ಸಲ ಎಷ್ಟು ಅಂತ ನಂಗೂ ಗೊತ್ತಿಲ್ಲ, ಟೀವೀಲಿ ಮಾತಾಡೋರಿಗೂ ಗೊತ್ತಿಲ್ಲ. ಅದಕ್ಕೇ ಏಳೆಂಟು ವರ್ಷ ಮುಟ್ಟಲ್ಲ ಅನ್ನೋ ದುಡ್ಡು ಮಾತ್ರ ಅಲ್ಲಿಗೆ ಹೋಗ್ಬೇಕು, ನಿಮ್ಮ ಮದುವೆ ದುಡ್ಡು ಹೋಗ್ಬಾರ್ದು.

ಈಗ ನಿಮ್ಮ ದುಡ್ಡನ್ನೇ ಹಂಚಿ ನೋಡೋಣ. ಮನೆಗೆ ಕೊಡೋದೂ ಸೇರಿ ತಿಂಗಳಿಗೆ 20 ಸಾವಿರದ ಚಿಲ್ಲರೆ ನಿಮ್ಮ ಖರ್ಚು, ಆರು ತಿಂಗಳಿಗೆ ಸುಮಾರು 1.2 ಲಕ್ಷ. ಇದು ಕೆಲಸ ಹೋದ್ರೆ, ಮನೇಲಿ ಯಾರಾದ್ರೂ ಆಸ್ಪತ್ರೆ ಸೇರಿದ್ರೆ ಅಂತ. ಒಂದೇ ಎಫ್‌ಡಿ ಮಾಡ್ಬೇಡಿ, 40 ಸಾವಿರದ್ದು ಮೂರು ಮಾಡಿ, ಒಂದು ಮುರಿದ್ರೂ ಇನ್ನೆರಡು ಬಡ್ಡಿ ತಿಂತಿರತ್ತೆ. ಮಿಕ್ಕ 1.6 ಲಕ್ಷ ಎರಡು ವರ್ಷದ ಎಫ್‌ಡಿ, ಮದುವೆಗೆ. ತಿಂಗಳ 10 ಸಾವಿರದಲ್ಲಿ 6 ಸಾವಿರ ಆರ್‌ಡಿ, ಎರಡು ವರ್ಷಕ್ಕೆ ಅಸಲೇ 1.44 ಲಕ್ಷ. ಚೀಟಿ ದುಡ್ಡು, ವಾಪಸ್ ಬರೋ ಪ್ರೀಮಿಯಂ ಸೇರಿಸಿದ್ರೆ ನಿಮ್ಮ 4 ಲಕ್ಷ ದಾಟತ್ತೆ, ಶೇರು ಗೀರು ಏನೂ ಬೇಕಾಗ್ಲಿಲ್ಲ ನೋಡಿ. ಎಫ್‌ಡಿ ಬಡ್ಡಿ ಬೆಲೆಯೇರಿಕೆನ ಮೀರಲ್ಲ ಅಂತ ಆಫೀಸಲ್ಲಿ ಯಾರಾದ್ರೂ ಹೇಳ್ತಾರೆ, ಇಪ್ಪತ್ತು ವರ್ಷದ ದುಡ್ಡಿಗೆ ಅದು ನಿಜ, ಎರಡು ವರ್ಷದ ದುಡ್ಡಿಗೆ ಅದು ತಲೆ ಕೆಡಿಸ್ಕೊಳ್ಳೋ ವಿಷ್ಯ ಅಲ್ಲ.

ಉಳಿದ 4 ಸಾವಿರಾನ ನಿಫ್ಟಿ 50 ಇಂಡೆಕ್ಸ್ ಫಂಡಲ್ಲಿ ಸಿಪ್ ಮಾಡಿ, ಒಂದೇ ಫಂಡ್ ಸಾಕು. ದೇಶದ 50 ದೊಡ್ಡ ಕಂಪನಿಗಳಲ್ಲಿ ನಿಮ್ಮ ದುಡ್ಡು ಹಂಚಿಹೋಗತ್ತೆ, ಯಾವ ಶೇರ್ ಏರತ್ತೆ ಅಂತ ಯಾರೂ ಊಹೆ ಮಾಡ್ಬೇಕಾಗಿಲ್ಲ, ಅದಕ್ಕೇ ಖರ್ಚೂ ಕಮ್ಮಿ. ಡೈರೆಕ್ಟ್ ಪ್ಲಾನ್, ಗ್ರೋತ್ ಆಪ್ಷನ್ (ಲಾಭ ಫಂಡಲ್ಲೇ ಉಳಿದು ಬೆಳೆಯೋದು) ಅಂತ ನೋಡಿ ಆರಿಸಿ. ರೆಗ್ಯುಲರ್ ಪ್ಲಾನಲ್ಲಿ ಮಾರಿದೋರಿಗೆ ವರ್ಷ ವರ್ಷ ಕಮಿಷನ್ ಹೋಗ್ತಿರತ್ತೆ, ಅದು ನಿಮ್ಮ ಸ್ಟೇಟ್‌ಮೆಂಟಲ್ಲಿ ಕಟ್ ಆದ ಹಾಗೆ ಕಾಣಲ್ಲ, ಎನ್‌ಎವಿ (ಫಂಡಿನ ಒಂದು ಯೂನಿಟ್ ಬೆಲೆ) ಒಳಗೇ ಕರಗಿರತ್ತೆ. ಕೆಲವರಿಗೆ ಕೈ ಹಿಡಿದು ನಡೆಸೋರು ಬೇಕು, ಮಾರ್ಕೆಟ್ ಬಿದ್ದಾಗ ‘ಮಾರ್ಬೇಡಿ’ ಅಂತ ಫೋನಲ್ಲಿ ಬೈಯ್ಯೋಕಾದ್ರೂ ಒಬ್ರು ಬೇಕು, ಅಂಥೋರು ಆ ಕಮಿಷನ್ ಕೊಟ್ರೂ ನಷ್ಟ ಇಲ್ಲ. ನೀವು ಲೆಕ್ಕ ಗೊತ್ತಿರೋರು, ಪಾನ್ ಆಧಾರ್ ಇಟ್ಕೊಂಡು ಫಂಡ್ ಕಂಪನಿ ವೆಬ್‌ಸೈಟಲ್ಲೇ ಕೆವೈಸಿ ಮುಗಿಸಿ ಮಾಡ್ಬಹುದು, ಡಿಮ್ಯಾಟೂ ಬೇಕಾಗಿಲ್ಲ. ನಾನು ಕಮಿಷನ್ ತಗೊಳಲ್ಲ, ಸಲಹೆಗೆ ಫೀ ತಗೊಳೋಳು, ಅದನ್ನೂ ತಿಳ್ಕೊಂಡೇ ನನ್ನ ಈ ಮಾತು ಓದಿ.

ಸಿಪ್ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ, ಸಿಪ್ ಮಾಡಿದ್ರೆ ಲಾಸ್ ಆಗಲ್ಲ ಅಂತ. ಆಗತ್ತೆ. ಅದು ಕಂತು ಕಟ್ಟೋ ರೀತಿ ಅಷ್ಟೇ. 4 ಸಾವಿರದ ಹಾಗೆ 10 ವರ್ಷ ಹಾಕಿದ್ರೆ 4.8 ಲಕ್ಷ ಹೋಗತ್ತೆ, ವರ್ಷಕ್ಕೆ 10% ಬಂದ್ರೆ 8.2 ಲಕ್ಷ, 6% ಬಂದ್ರೆ 6.5 ಲಕ್ಷ, ಹತ್ತನೇ ವರ್ಷಾನೇ 2008 ಥರ ಬಿದ್ರೆ ಇನ್ನೂ ಕಮ್ಮಿ. 15% ಗ್ಯಾರಂಟಿ ಅಂದೋರ ಮುಂದೆ ಕೂರ್ಬೇಡಿ. ಇನ್ನೊಂದು, ಯಾವ ಫಂಡ್ ಅಂತ ತಿಂಗಳುಗಟ್ಲೆ ವೀಡಿಯೋ ನೋಡ್ತಾ ಕೂರೋರಿಗೆ ನಾನು ಈ ಲೆಕ್ಕ ತೋರಿಸ್ತೀನಿ: ಮೊದಲನೇ ವರ್ಷ ನೀವು ಹಾಕೋದು 48 ಸಾವಿರ, ಇನ್ನೊಂದು ಫಂಡ್ 2% ಜಾಸ್ತಿ ಕೊಟ್ರೂ ವ್ಯತ್ಯಾಸ 500 ರೂಪಾಯಿ ಆಸುಪಾಸು. ಸಂಬಳ ಏರಿದಾಗ ಸಿಪ್‌ನ 5 ಸಾವಿರ ಮಾಡಿದ್ರೆ ಅದರ ಎಷ್ಟೋ ಪಟ್ಟು ಜಾಸ್ತಿ ಸೇರತ್ತೆ. ಟ್ಯಾಕ್ಸ್ ಈಗ್ಲೇ ತಲೆಗೆ ಹಚ್ಕೊಬೇಡಿ, ವರ್ಷದ ಮೇಲೆ ಇಟ್ಕೊಂಡು ಮಾರಿದ್ರೆ ಒಂದು ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ಇಲ್ಲ, ಅದರ ಮೇಲೆ 12.5%.

ಅಪ್ಪನ ಸೈಟ್ ಆಸೆಗೆ ಏನು ಹೇಳ್ಲಿ ಅಂತ ನೀವು ಯೋಚಿಸ್ತಿರ್ತೀರಿ. ಅವರ ಕಾಲದಲ್ಲಿ ಸೈಟ್ ತಗೊಂಡೋರು ಗೆದ್ದಿದ್ದು ನಿಜ, ಅದನ್ನ ತಮಾಷೆ ಮಾಡ್ಬೇಡಿ. ಆದ್ರೆ ಇದ್ದಬದ್ದದ್ದೆಲ್ಲ ಅಡ್ವಾನ್ಸ್ ಕೊಟ್ಟು, ಮೇಲೆ ಇಎಂಐ ಹಾಕ್ಕೊಂಡ್ರೆ ಮದುವೆಗೆ ಮತ್ತೆ ಸಾಲ ಮಾಡ್ಬೇಕಾಗತ್ತೆ, ಸೈಟ್‌ನ ಕಾಲುಭಾಗ ಮಾರಿ ಛತ್ರದ ಬಾಡಿಗೆ ಕಟ್ಟೋಕಾಗಲ್ಲ. ಜಗಳ ಮಾಡೋ ಬದ್ಲು ಕಾಗದ ಕೇಳಿ: ಜಮೀನು ಕನ್ವರ್ಷನ್ ಆಗಿದೆಯಾ, ಲೇಔಟ್‌ಗೆ ಪ್ಲಾನಿಂಗ್ ಅಪ್ರೂವಲ್ ಇದೆಯಾ, ಇ-ಖಾತಾ ಇದೆಯಾ, ಋಣಭಾರ ಪತ್ರದಲ್ಲಿ ಏನಿದೆ. ಊರಾಚೆ ಎಷ್ಟೋ ಸೈಟ್‌ಗಳು ಈ ಪ್ರಶ್ನೆಗೇ ನಿಂತುಹೋಗತ್ತೆ. ಎಲ್ಲ ಸರಿ ಇದ್ರೆ ಅಪ್ಪನ ದುಡ್ಡು, ಅಪ್ಪನ ಹೆಸರಲ್ಲಿ ತಗೊಳ್ಲಿ.

ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಕೆಲಸದ ಜೊತೇಲೇ ಹೋಗತ್ತೆ, ನಿಮ್ಮದೇ ಒಂದು ಪಾಲಿಸಿ ಈ ವರ್ಷ ಮಾಡಿಸಿಬಿಡಿ, ಅಪ್ಪ ಅಮ್ಮನಿಗೂ ವಿಚಾರಿಸಿ, ವಯಸ್ಸಾದಷ್ಟೂ ಪ್ರೀಮಿಯಂ ಏರತ್ತೆ. ಮತ್ತೆ ಎಫ್‌ಡಿ, ಫಂಡ್ ಎಲ್ಲದಕ್ಕೂ ನಾಮಿನಿ ಹಾಕಿ, ಸದ್ಯಕ್ಕೆ ಅಮ್ಮನ ಹೆಸರಿರ್ಲಿ. ಮದುವೆ ಆದ್ಮೇಲೆ ಅಲ್ಲೆಲ್ಲ ಬದಲಾಯಿಸೋದು ಬಿಡೋದು ನಿಮ್ಮಿಷ್ಟ, ಪಿಎಫ್‌ನಲ್ಲಿ ಮಾತ್ರ ಮದುವೆಗೆ ಮುಂಚೆ ಹಾಕಿದ ನಾಮಿನೇಶನ್ ಮದುವೆ ಆದಮೇಲೆ ಲೆಕ್ಕಕ್ಕೆ ಬರಲ್ಲ, ಹೊಸದಾಗಿ ಹಾಕ್ಲೇಬೇಕು, ಆನ್‌ಲೈನಲ್ಲೇ ಆಗತ್ತೆ.